ಕರಣೆ ಹಿಡಿದ ಕೈ

ಅಥವಾ ನನ್ನ ನೆನಪಿನಲ್ಲಿರುವುದು ಕಾಕಂಬಿಯ ವಾಸನೆಯೇ ಅಲ್ಲವೇನೋ. ಅಪ್ಪನ ಅಂಗಿ ಒಗೆಯುವಾಗ ಅಮ್ಮ ಗೊಣಗುತ್ತಿದ್ದುದನ್ನು ಕೇಳಿ ಕೇಳಿ ನಾನೇ ಹುಟ್ಟಿಸಿಕೊಂಡದ್ದೇನೋ. ಮೊನ್ನೆ ಶಿವಮೊಗ್ಗದ ಬೇಕರಿಯೊಂದರ ಮುಂದೆ ಸಕ್ಕರೆ ಸೀದ ವಾಸನೆ ಬಂತು, ಭದ್ರಾವತಿಯ ನಮ್ಮ ಎರಕದ ಶೆಡ್ಡು ಕಣ್ಣೆದುರು ನಿಂತಿತು. ಅಚ್ಚಿನ ಮರಳು ಗಟ್ಟಿಯಾಗಲೆಂದು, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಪಾಕ ಕಲಸುತ್ತಿದ್ದರು. ಕಾದ ಕಬ್ಬಿಣ ಸುರಿದಾಗ ಅದು ಸೀದು, ಕಣ್ಣುರಿಸುವ ಸಿಹಿ ಹೊಗೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಮನೆಗೂ ಶೆಡ್ಡಿಗೂ ನಡುವೆ ಒಂದು ಬಾಗಿಲಿತ್ತು. ಅದನ್ನು ಯಾರಾದರೂ ಹಾಕಿದ್ದು ಮಾತ್ರ ನೆನಪಿಲ್ಲ.

ಶೆಡ್ಡು ದೊಡ್ಡಪ್ಪನದು. ಅವರ ತಮ್ಮನಾದ ನನ್ನಪ್ಪ ಅಲ್ಲಿ ಅಚ್ಚು ಕಟ್ಟುತ್ತಿದ್ದ. ನನಗೆ ಟೈಫಾಯ್ಡ್ ಆದಾಗ ದೊಡ್ಡಪ್ಪ ಕುಲುಮೆ ಆರಿಸಿ, ಜ್ವರ ಇಳಿಯುವ ತನಕ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ಬೇರೆ ಯಾವ ಕಂಪನಿಯ ಧಣಿ ಹಾಗೆ ಕೂತಾನು? ಆದರೆ ಸೋದರಮಾವನ ಮದುವೆಯ ದಿನ ಎರಕವಿತ್ತು, ಅಪ್ಪ ಬರಲಿಲ್ಲ.

"ಒಂದಿನ ರಜ ಕೇಳ್ಬೋದಿತ್ತಲ್ರೀ" ಎಂದಳು ಅಮ್ಮ.

"ನಮ್ಮನೆ ಕೆಲ್ಸಕ್ಕೆ ನಾನೇ ರಜ ಕೇಳ್ಲಾ? ಯಾವ ಮುಖ ಇಟ್ಕೊಂಡು ಕೇಳ್ಲಿ, ನೀನೇ ಹೇಳು."

ಆ ವರ್ಷ ಶಿವಮೊಗ್ಗದ ಒಂದು ಕಾರ್ಖಾನೆಯಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ಅಮ್ಮ ಅಲ್ಲಿನ ಕೋಟೆ ಭಾಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿ ಬಂದು, ಅದರ ಕಿಟಕಿಗಳ ಬಗ್ಗೆಯೇ ವಾರಗಟ್ಟಲೆ ಮಾತಾಡಿದಳು. ಅಣ್ಣನಿಗೆ ಹೇಳುವ ಧೈರ್ಯ ಮಾತ್ರ ಅಪ್ಪನಿಗಿರಲಿಲ್ಲ. ಬಾಯಿಬಿಟ್ಟು ಹೇಳದೆಯೂ ಕೆಲಸ ಬಿಡುವ ದಾರಿಯೊಂದು ನಮ್ಮ ಶೆಡ್ಡಿನಲ್ಲಿತ್ತು. ಆಯುಧಪೂಜೆಗೆ ಇಟ್ಟ ಹತ್ಯಾರಗಳನ್ನು ಮರುದಿನ ಬೆಳಿಗ್ಗೆ ದೊಡ್ಡಪ್ಪ ಒಬ್ಬೊಬ್ಬರನ್ನೇ ಕರೆದು ಕೊಡುತ್ತಿದ್ದರು. ತೆಗೆದುಕೊಂಡವನು ಇನ್ನೊಂದು ವರ್ಷ ಇದ್ದಂತೆ. ಬಿಡುವವನು ಕೈ ಚಾಚದೆ, ನಮಸ್ಕಾರ ಮಾಡಿ ಹೊರಟರೆ ಸಾಕು; ಯಾರೂ ಕಾರಣ ಕೇಳುತ್ತಿರಲಿಲ್ಲ.

ಆ ಬೆಳಿಗ್ಗೆ ಎಲ್ಲರಿಗಿಂತ ಹಳಬನಾದ ಮುರುಗೇಶಣ್ಣ ಸುತ್ತಿಗೆ ಇಸಿದುಕೊಳ್ಳುತ್ತ, "ಕೊಡಿ ಸಾರ್, ಈ ಮುದುಕನ್ನ ಇನ್ಯಾವನು ಇಟ್ಕೋತಾನೆ!" ಎಂದ. ಎಲ್ಲರೂ ನಕ್ಕರು. ಆಮೇಲೆ ಅಪ್ಪನ ಸರದಿ. ಅಪ್ಪ ಅಚ್ಚಿನ ಮರಳು ಸವರುವ, ಕುಂಕುಮ ಹಚ್ಚಿದ ಕರಣೆ ಚಾಚಿ ದೊಡ್ಡಪ್ಪ ನಿಂತರು. ಅಪ್ಪ ಅಲುಗಾಡಲಿಲ್ಲ. ನಗು ನಿಂತಿತು.

"ಹಿಡ್ಕೊಳೋ ಮಾರಾಯ, ಕೈ ನೋಯ್ತಾ ಇದೆ."

ಅಪ್ಪ ಕೈ ಚಾಚಿ ತೆಗೆದುಕೊಂಡ. ಇದು ನನ್ನ ನೆನಪು. ಇಷ್ಟು ವರ್ಷ ಇದನ್ನೇ ಸತ್ಯವೆಂದು ನಂಬಿದ್ದೆ. ಹೋದ ತಿಂಗಳು ಈ ಮಾತು ಬಂದಾಗ ಅಕ್ಕ ಫೋನಿನಲ್ಲಿ ಸುಮ್ಮನೆ ಅಂದಳು: "ಅಪ್ಪ ಎಲ್ಲೇ ಕೈ ಚಾಚಿದ್ದು? ನೀನು ಓಡ್ಹೋಗಿ ದೊಡ್ಡಪ್ಪನ ಹತ್ರ ಇಸ್ಕೊಂಡು ಅಪ್ಪನ ಕೈಗೆ ತುರುಕ್ದೆ. ಎಲ್ರೂ ಚಪ್ಪಾಳೆ ಹೊಡೆದ್ರು, ಮರ್ತ್ಬಿಟ್ಯಾ?"

ಅಮ್ಮನನ್ನು ಕೇಳಿದೆ. "ನಾನು ಒಳಗಿದ್ದೆ" ಎಂದಷ್ಟೇ ಹೇಳಿ ಟಿವಿಯ ಕಡೆ ತಿರುಗಿದಳು. ಕೋಟೆಯ ಮನೆಗೆ ಬೇರೆ ಯಾರೋ ಬಂದರು. ಶೆಡ್ಡು ಮುಚ್ಚುವ ತನಕ ಅಪ್ಪ ಅಲ್ಲೇ ಅಚ್ಚು ಕಟ್ಟಿದ. ಈಗ ದೊಡ್ಡಪ್ಪನೂ ಇಲ್ಲ, ಅಪ್ಪನೂ ಇಲ್ಲ. ಮುರುಗೇಶಣ್ಣ ಅದಕ್ಕೂ ಮೊದಲೇ ಹೋದ. ಆರು ವರ್ಷದ ನನ್ನ ಕೈಯಲ್ಲಿ ಆ ಕರಣೆಯ ಭಾರವಿತ್ತೇ ಎಂದು ಎಷ್ಟು ತಡಕಿದರೂ ಏನೂ ಸಿಗುವುದಿಲ್ಲ. ನಾನು ಓಡಿದ್ದೇ ನಿಜವಾದರೆ, ಅಂದು ಹಾಗೆ ಓಡದೆ ಇದ್ದಿದ್ದರೆ ಅಪ್ಪ ನಮಸ್ಕಾರ ಮಾಡಿ ಹೊರಡುತ್ತಿದ್ದನೋ, ಇನ್ನೊಂದು ಕ್ಷಣಕ್ಕೆ ತಾನೇ ಕೈ ಚಾಚುತ್ತಿದ್ದನೋ, ನನಗೆ ಗೊತ್ತಿಲ್ಲ.