ಬರಿಹೊಟ್ಟೆಗೆ ಕೊಟ್ಟ ಎಣ್ಣೆ

ನನ್ನ ಅಕ್ಕನ ಮಗಳು ಬೀಳುವುದಕ್ಕೆ ಒಂದು ಸದ್ದಿದೆ. ಅವಳು ಕೂಗುವುದಿಲ್ಲ, ಅದುರುವುದಿಲ್ಲ. ನಿಂತವಳು ದಾರ ಕಡಿದ ಹಾಗೆ ನಿಂತಲ್ಲೇ ನೆಲಕ್ಕೆ ಬರುತ್ತಾಳೆ. ತಲೆಗೆ ಸದಾ ಹಾಕಿರುವ ಹೆಲ್ಮೆಟ್ ಟೈಲ್ಸಿಗೆ ಬಡಿಯುವುದು ಮಾತ್ರ ಕೇಳುತ್ತದೆ. ಸೌದಿಯ ದಮ್ಮಾಮಿನಲ್ಲಿರುವ ಅಕ್ಕನ ಫ್ಲ್ಯಾಟಿನಲ್ಲಿ ಯಾವ ಕೋಣೆಯಲ್ಲಿದ್ದರೂ ನಮ್ಮೆಲ್ಲರ ಕಿವಿ ಆ ಸದ್ದಿನ ಕಡೆಗೇ ಇರುತ್ತದೆ. ಎಂಟು ವರ್ಷದ ಹುಡುಗಿ. ಅಪಸ್ಮಾರಕ್ಕೆ ಕೊಟ್ಟ ಮಾತ್ರೆಗಳನ್ನೆಲ್ಲ ನುಂಗಿಯೂ ದಿನಾ ಬೀಳುತ್ತಿದ್ದಳು.

ನಾನಿರುವುದು ಅಲ್ಲೇ ಹತ್ತಿರದ ಊರು ಜುಬೈಲಿನ ಕಂಪನಿ ಕ್ಯಾಂಪಿನಲ್ಲಿ. ಪ್ಲಾಂಟಿನ ಪೈಪುಗಳಲ್ಲಿ ಒತ್ತಡ ಅಳೆಯುವ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ. ಮಿದುಳಿನ ಬಗ್ಗೆ ನಾನು ಕಲಿತದ್ದೆಲ್ಲ ಕಂಪನಿ ಬಸ್ಸಿನಲ್ಲಿ ಕೂತು, ಫೋನಿನಲ್ಲಿ. ತಲೆಯೊಳಗೂ ವಿದ್ಯುತ್ತಿನ ಸಂದೇಶಗಳೇ ಓಡುತ್ತವೆ ಎಂದು ಗೊತ್ತಾದ ದಿನ ಬಸ್ಸಿನಿಂದ ಇಳಿಯುವುದೇ ಮರೆತುಹೋಗಿತ್ತು. ಹಾಗೆ ಓದುತ್ತಾ ಹೋದಾಗಲೇ, ಗಾಂಜಾ ಗಿಡದಿಂದ ತೆಗೆದ, ಅಮಲಿಲ್ಲದ, ಎಣ್ಣೆಯ ರೂಪದ ಒಂದು ಔಷಧವನ್ನು ಇಂಥ ಮಕ್ಕಳಿಗೆ ಕೊಡುತ್ತಾರೆ ಎಂದು ತಿಳಿದದ್ದು. ಈ ದೇಶದಲ್ಲಿ ಆ ಗಿಡದ ಹೆಸರನ್ನು ನಾವು ಜೋರಾಗಿ ಹೇಳುವುದೇ ಇಲ್ಲ. ಶುಕ್ರವಾರ ಅಕ್ಕನ ಮನೆಗೆ ಹೋದವನು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹೇಳಿದೆ. ಊರಿನಿಂದ ವಿಡಿಯೋ ಕಾಲಿನಲ್ಲಿದ್ದ ನಮ್ಮ ತಾಯಿ, ಉಮ್ಮನಿಗೂ ಕೇಳಿಸಿತು.

"ಅಂಥ ಎಣ್ಣೆ ಇಲ್ಲಿ ಊರಲ್ಲಿ ಸಿಗ್ತದಂತೆ ಮಾರಾಯ. ನಿನ್ನ ಭಾವನ ತಮ್ಮ ರಜೆ ಮುಗಿಸಿ ಬರ್ತಾನಲ್ಲ, ಉಪ್ಪಿನಕಾಯಿ ಬಾಟ್ಲಿ ಜೊತೆ ಕಟ್ಟಿ ಕಳಿಸುದಾ?"

"ಉಮ್ಮಾ, ಅವ ಮನೆಗೆ ಬಂದು ಮುಟ್ಟುದು ಬೇಕಾ ಬೇಡ್ವಾ?" ಅಕ್ಕ ಕೇಳಿದಳು. "ಏರ್‌ಪೋರ್ಟಲ್ಲಿ ಸಿಕ್ಕಿದ್ರೆ ತಲೆ ಹೋಗ್ತದೆ."

ಉಮ್ಮ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಉಪ್ಪಿನಕಾಯಿ ಮಾತ್ರ ಕಳಿಸ್ತೇನೆ."

ಅಕ್ಕ ನೇರ ದಾರಿಯನ್ನೇ ಹಿಡಿದಳು. ಮಗಳನ್ನು ನೋಡುವ ಸೌದಿ ಡಾಕ್ಟರಮ್ಮನ ಹತ್ತಿರ ಕೇಳಿಯೇಬಿಟ್ಟಳು. ಜೊತೆಗಿದ್ದ ನಾನು ಉತ್ಸಾಹದಲ್ಲಿ ಓದಿದ್ದನ್ನೆಲ್ಲ ಒದರಿದೆ.

"ನಿನ್ನ ತಮ್ಮ ನನ್ನ ಕುರ್ಚಿಗೇ ಕಣ್ಣು ಹಾಕಿದ್ದಾನೆ," ಎಂದು ಡಾಕ್ಟರ್ ನಕ್ಕರು. ಆಮೇಲೆ ನಗು ನಿಲ್ಲಿಸಿ ವಿವರಿಸಿದರು: ಇದು ಅಂಗಡಿಯಲ್ಲಿ ಸಿಗುವುದಲ್ಲ. ಈ ಮಗುವಿನ ಹೆಸರಿನಲ್ಲೇ ಅನುಮತಿ ಪಡೆದು ಆಸ್ಪತ್ರೆ ಹೊರದೇಶದಿಂದ ತರಿಸಬೇಕು. "ನಾನು ಕೇಳುತ್ತೇನೆ. ಆದರೆ ಬೀಳುವುದು ಕಡಿಮೆಯಾಗದಿದ್ದರೆ ಎರಡನೇ ಸಲ ಕೇಳುವುದಕ್ಕೆ ನನ್ನ ಹತ್ತಿರ ಕಾರಣ ಇರುವುದಿಲ್ಲ."

ತಿಂಗಳುಗಟ್ಟಲೆ ಕಾದ ಮೇಲೆ ಬಂತು. ಆಸ್ಪತ್ರೆ ತರಿಸಿದ್ದರಲ್ಲಿ ಮೊದಲು ನಮ್ಮ ಕೈಗೆ ಸಿಕ್ಕಿದ್ದು ಒಂದು ಸಣ್ಣ ಕಂದು ಬಾಟಲಿ. ಒಳಗೆ ಇದ್ದದ್ದು ಎಳ್ಳೆಣ್ಣೆ, ಅದಕ್ಕೆ ಸ್ಟ್ರಾಬೆರಿ ಪರಿಮಳ, ಅದರೊಳಗೆ ಆ ಗಿಡದ ಸಾರ. ಮನೆಗೆ ಹೋಗುವ ದಾರಿಯಲ್ಲಿ ಪೊಲೀಸ್ ತಪಾಸಣೆ ಇತ್ತು. ಬಾಟಲಿ, ಆಸ್ಪತ್ರೆಯ ಕಾಗದ ಎರಡೂ ನನ್ನ ತೊಡೆಯ ಮೇಲೆ.

"ಬೆವರು ಒರೆಸಿಕೊ ಮಾರಾಯ, ಕಳ್ಳನ ಹಾಗೆ ಕಾಣ್ತಿ," ಎಂದರು ಕಾರು ಓಡಿಸುತ್ತಿದ್ದ ಭಾವ. ಪೊಲೀಸ್ ಒಳಗೆ ಬಗ್ಗಿ, ಹಿಂದಿನ ಸೀಟಿನ ಹೆಲ್ಮೆಟ್ ಹುಡುಗಿಗೆ ಸಲಾಂ ಹೇಳಿ, "ಯಲ್ಲಾ" ಎಂದು ಮುಂದೆ ಹೋಗಲು ಕೈ ಬೀಸಿದ. ಇಡೀ ದೇಶ ಹೆದರುವ ಗಿಡ ಸರಕಾರದ ಮೊಹರು ಹೊತ್ತು ನನ್ನ ಮಡಿಲಲ್ಲಿ ಕೂತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಆದರೆ ಏನೂ ಬದಲಾಗಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ಟೈಲ್ಸಿನ ಮೇಲೆ ಅದೇ ಸದ್ದು. ಆಸ್ಪತ್ರೆಯ ತಪಾಸಣೆಯ ದಿನ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ.

"ಹೇಗೆ ಕೊಡುತ್ತೀ?" ಡಾಕ್ಟರ್ ಕೇಳಿದರು.

ಅಕ್ಕ ತನಗೆ ಬರುವ ಉರ್ದು, ಅರಬಿ, ಇಂಗ್ಲಿಷ್ ಎಲ್ಲ ಕಲಸಿ ಹೇಳಿದಳು. ನಸುಕಿನ ಸುಬಹಿ ನಮಾಝ್ ಆದ ಕೂಡಲೇ, ಮಗಳನ್ನು ನಮಾಝಿನ ದಿಕ್ಕಾದ ಕಿಬ್ಲಾಕ್ಕೆ ಮುಖ ಮಾಡಿ ಕೂರಿಸಿ, ದೇವರ ಹೆಸರಿನ ಬಿಸ್ಮಿ ಹೇಳಿ, ಬರಿಹೊಟ್ಟೆಗೆ. ಸಂಜೆಯದ್ದೂ ಹಾಗೆಯೇ, ಊಟಕ್ಕೆ ಎಷ್ಟೋ ಮುಂಚೆ. ನಮ್ಮಲ್ಲಿ ಮಕ್ಕಾದ ಝಂಝಂ ನೀರನ್ನು, ಕರಿಜೀರಿಗೆ ಎಣ್ಣೆಯನ್ನು ಕೊಡುವುದು ಹಾಗೆಯೇ.

"ಊಟದ ಜೊತೆ ಎಂದು ಹೇಳಿದ್ದೆನಲ್ಲ?"

"ಹೇಳಿದ್ದೀರಿ. ಆದ್ರೆ ಅಷ್ಟು ದೊಡ್ಡ ಮದ್ದು. ಅದನ್ನು ತಿಂಡಿ ಒಟ್ಟಿಗೆ ಹೇಗೆ ಕೊಡುದು?"

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ. "ನನ್ನ ತಾಯಿಯೂ ಹಾಗೆಯೇ ಕೊಡುತ್ತಿದ್ದಳು," ಎಂದರು. ಬರಿಹೊಟ್ಟೆಯಲ್ಲಿ ಈ ಎಣ್ಣೆ ಮೈಗೆ ಹತ್ತುವುದು ಬಹಳ ಕಡಿಮೆ, ಕೊಬ್ಬಿನ ಜೊತೆ ಹೋದರೆ ಚೆನ್ನಾಗಿ ಹತ್ತುತ್ತದೆ, ದಿನವೂ ಒಂದೇ ಕ್ರಮದಲ್ಲಿ ಕೊಡಬೇಕು, ನಡುನಡುವೆ ರಕ್ತ ಪರೀಕ್ಷೆಗೆ ಬರಬೇಕು ಎಂದು ಮತ್ತೆ ಬಿಡಿಸಿ ಹೇಳಿದರು. "ಈಗ ತರಿಸಿದ ಬಾಟಲಿಗಳು ಮುಗಿಯುವವರೆಗೆ ಸಮಯವಿದೆ."

ಅವತ್ತಿನಿಂದ ತುಪ್ಪ ಸವರಿದ ಪತ್ತಿರಿ ಎಂಬ ಅಕ್ಕಿರೊಟ್ಟಿ, ಅದರ ಜೊತೆಗೆ ಮದ್ದು. ಎರಡೂ ಹೊತ್ತು. "ಪತ್ತಿರಿ ಇಷ್ಟು ದಿನ ಯಾಕೆ ಕೊಡ್ಲಿಲ್ಲ?" ಎನ್ನುವುದೊಂದೇ ಹುಡುಗಿಯ ತಕರಾರು.

ಅಕ್ಕನ ಮನೆಯಲ್ಲಿ ಸಂಜೆಯ ಮಗ್ರಿಬ್ ನಮಾಝಿಗೆ ಭಾವ ಮುಂದೆ ನಿಲ್ಲುತ್ತಾರೆ, ಪಕ್ಕದಲ್ಲಿ ನಾನು, ಹಿಂದೆ ಅಕ್ಕ ಮತ್ತು ಮಗಳು. ಬೀಳುವ ಭಯಕ್ಕೆ ಹುಡುಗಿ ನೆಲದ ಮೇಲೆ ಕೂತೇ ಮಾಡುತ್ತಿದ್ದಳು. ಎರಡೂ ಕೈ ಕಟ್ಟಿ ನಿಲ್ಲಬೇಕಾದಲ್ಲಿ ಅಕ್ಕ ಒಂದು ಕೈ ಎದೆಗಿಟ್ಟು, ಇನ್ನೊಂದರಲ್ಲಿ ಮಗಳ ಹೆಲ್ಮೆಟ್ ಹಿಡಿದಿರುತ್ತಿದ್ದಳು. ಹುಡುಗಿಯ ಆಮೀನ್ ಯಾವಾಗಲೂ ನನ್ನ ಮೊಣಕಾಲಿನ ಎತ್ತರದಿಂದ ಬರುತ್ತಿತ್ತು.

ಒಂದು ಶುಕ್ರವಾರ ಅದು ಸೊಂಟದ ಎತ್ತರದಿಂದ ಬಂತು.

ನಮಾಝಿನ ಮಧ್ಯೆ ತಿರುಗುವಂತಿಲ್ಲ. ಬೆನ್ನೆಲ್ಲ ಕಿವಿಯಾಯಿತು. ಎರಡನೇ ರಕಾತಿನಲ್ಲೂ, ಅಂದರೆ ನಮಾಝಿನ ಎರಡನೇ ಸುತ್ತಿನಲ್ಲೂ, ಆಮೀನ್ ಅಲ್ಲಿಂದಲೇ. ಮೂರನೆಯದರಲ್ಲಿ ಭಾವ ಮೌನವಾಗಿ ಓದುತ್ತಾರೆ, ಆಮೀನ್ ಕೇಳುವುದಿಲ್ಲ. ಆ ಮೌನದಲ್ಲಿ ಎಸಿಯ ಗುಂಯ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಟೈಲ್ಸೂ ಸುಮ್ಮನಿತ್ತು. ಪೈಪಿನ ಒತ್ತಡ ಇಳಿದು ಮುಳ್ಳು ಸರಿಯಾದ ಗೆರೆಗೆ ಬಂದು ನಿಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ನಿಂತ ಒಂದು ಜೀವ ನನ್ನ ಬೆನ್ನ ಹಿಂದೆಯೇ ಇತ್ತು, ನನಗೆ ಕಾಣುತ್ತಿರಲಿಲ್ಲ. ನಮಾಝ್ ಮುಗಿಸುವ ಸಲಾಂ ಕೊಟ್ಟು ತಿರುಗಿದೆ.

"ಮಾಮ, ನನ್ನ ಕಾಲು ನೋಯ್ತಾ ಉಂಟು," ಎಂದಳು ಹೆಲ್ಮೆಟ್ ಸರಿಮಾಡಿಕೊಳ್ಳುತ್ತಾ.

ಬೀಳುವುದು ಪೂರ್ತಿ ನಿಂತಿಲ್ಲ. ಮುಂದಿನ ವಾರವೇ ಫ್ರಿಜ್ಜಿನ ಮುಂದೆ ಬಿದ್ದಳು. ಆದರೆ ಹೆಲ್ಮೆಟ್ಟಿನ ಸದ್ದು ಕೇಳದ ದಿನಗಳೂ ಈಗ ಬರುತ್ತವೆ.

ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಕೇಳಿದರು, "ಏನು ಬದಲಾವಣೆ?" ನಾನು ಫೋನಿನಲ್ಲಿ ಬರೆದಿಟ್ಟದ್ದನ್ನು ಓದಲು ಹೊರಟೆ. ಅಕ್ಕ ನನ್ನ ಕೈ ತಡೆದಳು.

"ನಾನೀಗ ಎರಡೂ ಕೈ ಕಟ್ಟಿ ನಮಾಝ್ ಮಾಡ್ತೇನೆ."

ಡಾಕ್ಟರ್ ಅವಳನ್ನು ನೋಡಿದರು, ಅವಳ ಕೈಗಳನ್ನು ನೋಡಿದರು. ಕಂಪ್ಯೂಟರಿನ ಕಡೆ ತಿರುಗಿ, ಮುಂದಿನ ಬಾಟಲಿಗಳ ಅನುಮತಿಗೆ ಬರೆಯತೊಡಗಿದರು.