ಟೀಚರ್ ಸಾಕಿದ ಕರಿ ಸಂದೇಹ

ಮೊನ್ನೆ ಟ್ರಂಕಿನ ತಳದಿಂದ ರೇಷ್ಮೆ ಸೀರೆ ತೆಗೆಯುವಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕುವೈತಿನ ಫರ್ವಾನಿಯಾದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಟೀಚರ್ ನೆನಪಾದರು...

ತೊಂಬತ್ತನೆಯ ಇಸವಿಯ ಆರಂಭ. ಮದುವೆಯಾಗಿ ಮಂಗಳೂರಿನಿಂದ ಕುವೈತಿಗೆ ಬಂದು ಮೂರೇ ತಿಂಗಳಾಗಿತ್ತು. ಟೀಚರ್ ಮೈಸೂರಿನ ಕಡೆಯವರು, ಐವತ್ತರ ಆಸುಪಾಸು, ಒಂಟಿ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಅವರ ಮನೆಗೆ ಮೊದಲ ಸಲ ಹೋದಾಗ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಯಿತ್ತು. ಸಲಿಗೆಯಿಂದ ಮುಚ್ಚಳ ತೆಗೆದೆ. ಒಳಗೆ ನಾಲ್ಕು ಮೂಲೆಗೂ ನುಸಿಗುಳಿಗೆ, ನಡುವೆ ಸೂಜಿ ಚುಚ್ಚಿದ ಕರಿ ಜೀರುಂಡೆಗಳ ಸಾಲು! ನಾನು ಕಿರುಚಿದ್ದಕ್ಕೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಎಲ್ಲ ಒಂದೇ ಅಲ್ವಾ ಟೀಚರ್? ಇಷ್ಟೊಂದು ಎಂತಕ್ಕೆ?"

"ಒಂದೇ ಅಲ್ಲ ಕಣಮ್ಮ, ಎರಡು ಜಾತಿ. ಇವು ಕಡಲ ದಂಡೆಯವು, ಇವು ಮರಳುಗಾಡಿನವು. ಬೇರೆ ಅಂತ ಮನಸ್ಸು ಹೇಳ್ತಿದೆ, ಎಲ್ಲಿ ಬೇರೆ ಅಂತ ಕಣ್ಣಿಗೆ ಸಿಕ್ತಿಲ್ಲ."

ಆ ಸಂದೇಹ ನನಗೂ ಅಂಟಿಕೊಂಡಿತು. ಶುಕ್ರವಾರ ಬಂದರೆ ನಮ್ಮವರು ಕಾರಿನಲ್ಲಿ ನಮ್ಮಿಬ್ಬರನ್ನೂ ಮರಳಿಗೆ ಬಿಟ್ಟು, ತಾವು ಪೇಪರು ಓದುತ್ತ ಕೂರುತ್ತಿದ್ದರು. ಹುಳ ಮುಟ್ಟಲು ಹೇಸುತ್ತಿದ್ದವಳು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡತೊಡಗಿದೆ. ಒಂದು ಸಂಜೆ ಕಂಡಿತು: ದಂಡೆಯದರ ಹಿಂಗಾಲಿನ ಅಂಚಿಗೆ ಬ್ರಷ್ಷಿನಂತೆ ಸಣ್ಣ ರೋಮ; ಮರಳುಗಾಡಿನದರ ಕಾಲು ಬೋಳು. ಟೀಚರ್ ಒಂದೊಂದನ್ನೇ ತಿರುಗಿಸಿ ನೋಡಿದರು. ಒಂದೂ ತಪ್ಪಲಿಲ್ಲ. "ಅಕ್ಕಿ ಆರಿಸೋ ಕಣ್ಣು ಕಣೇ ನಿಂದು!" ಎಂದು ಅಂದೇ ಶಾವಿಗೆ ಪಾಯಸ ಮಾಡಿದರು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಕೆಲವು ವಾರ ಬಾಗಿಲು ಹಾಕಿಕೊಂಡು ಕಳೆದೆವು. ಆಮೇಲೆ ಊರು ಸೇರಲು ಬಸ್ಸಿನಲ್ಲಿ ಬಾಗ್ದಾದಿನ ದಾರಿ ಹಿಡಿದೆವು. ಒಬ್ಬರಿಗೆ ಒಂದೇ ಚೀಲ. ಟೀಚರ್ ಸೀರೆಗಳನ್ನು ಬಿಟ್ಟು ಡಬ್ಬಿ ತಂದಿದ್ದರು.

ತಪಾಸಣೆಯಲ್ಲಿ ಮೀಸೆ ಮೂಡದ ಸೈನಿಕನೊಬ್ಬ ಡಬ್ಬಿ ತೆಗೆದು ಹಿಂದೆ ಹಾರಿದ. "ಶಿನೋ ಹಾದಾ?" ಇದೇನು ಎಂದು ಗದರಿದ. ನಮ್ಮವರು ನನ್ನ ಕೈ ಅದುಮಿದರು.

ಟೀಚರ್ ಮಾತ್ರ ಹೆದರಲಿಲ್ಲ. ಭೂತಗನ್ನಡಿಯನ್ನು ಅವನ ಕೈಗಿಟ್ಟು, ತಮ್ಮ ಹರಕು ಅರಬ್ಬಿಯಲ್ಲಿ ಕಾಲು ನೋಡು ಎಂದರು. ಅವನು ಕೋವಿಯನ್ನು ಬೆನ್ನಿಗೆ ಸರಿಸಿ ಕುಕ್ಕರುಗಾಲಲ್ಲಿ ಕೂತ. ಇದನ್ನು ನೋಡಿದ, ಅದನ್ನು ನೋಡಿದ. ಜೊತೆಯವನನ್ನು ಕರೆದು ತಾನೇ ವಿವರಿಸತೊಡಗಿದ! ಕೊನೆಗೆ ಒಂದು ಹುಳ ಬೇಕೆಂದು ಬೆರಳೆತ್ತಿದ. ಟೀಚರ್ ಎರಡು ಕೊಟ್ಟರು. ಅವನು ನಕ್ಕು "ಯಲ್ಲಾ, ಯಲ್ಲಾ" ಎಂದು ಬಸ್ಸಿಗೆ ದಾರಿ ಬಿಟ್ಟ.

"ಎರಡು ಯಾಕೆ ಟೀಚರ್?" ಎಂದೆ.

"ಒಂದೇ ಕೊಟ್ರೆ ವ್ಯತ್ಯಾಸ ಹೇಗಮ್ಮ ಗೊತ್ತಾಗುತ್ತೆ ಅವನಿಗೆ?"

ಕೊನೆಗೆ ವಿಮಾನದಲ್ಲಿ ಮುಂಬಯಿ ತಲುಪಿ, ಅಲ್ಲಿ ಬೇರೆಯಾದೆವು. ಯುದ್ಧ ಮುಗಿದು ತೊಂಬತ್ತೊಂದರ ಕೊನೆಗೆ ನಾವು ಕುವೈತಿಗೆ ಮರಳಿದೆವು, ಅವರು ಬರಲಿಲ್ಲ. ದಂಡೆಯ ಹುಳ ಇನ್ನೂ ಇವೆಯಾ ನೋಡಿ ಬರೆ ಎಂದು ಕಾಗದ ಹಾಕಿದ್ದರು. ದಂಡೆಯ ಮರಳಿನಡಿ ಇರಾಕಿನ ಸೈನ್ಯ ಸಿಡಿಮದ್ದು ಹೂತಿದ್ದರಿಂದ ಬಹಳ ದಿನ ಅತ್ತ ಯಾರನ್ನೂ ಬಿಡಲಿಲ್ಲ. ಬಿಟ್ಟ ಮೇಲೆ ಹೋಗಿ, ನೋಡಿ, ಇವೆ ಎಂದು ಬರೆದೆ. ಉತ್ತರ ಅವರ ತಂಗಿಯ ಅಕ್ಷರದಲ್ಲಿ ಬಂತು. ನನ್ನ ಕಾಗದ ತಲುಪುವ ಹೊತ್ತಿಗೆ ಟೀಚರ್ ಹೋಗಿ ಹದಿನೈದು ದಿನವಾಗಿತ್ತಂತೆ...

ಈಗ ನಾನು ಅಂದಿನ ಅವರಿಗಿಂತ ದೊಡ್ಡವಳು. ಮೊಮ್ಮಗಳು ಹುಳ ಕಂಡು ಚೀರಿದರೆ ಕೈಹಿಡಿದು ಕೂರಿಸಿ ಕಾಲು ತೋರಿಸುತ್ತೇನೆ. ಅವಳು ಕೇಳುವ ಅರ್ಧ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ಕೇಳೋಣವೆಂದರೆ ಮೇಲಿನ ಮಹಡಿಯಲ್ಲಿ ಅವರಿಲ್ಲ.