ಹಿಂದಿನಿಂದ ಓದುವ ಮೇಡಂ

ಕಲಘಟಗಿಯ ನಮ್ಮ ಓಣಿಯಿಂದ ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಕಲಿಸುತ್ತಿದ್ದ ಪ್ರೊಫೆಸರ್ ಒಬ್ಬರಿದ್ದರು. ಜಪಾನಿನ ಚಿತ್ರಕಥೆಗಳಾದ ಮಾಂಗಾ ಮೇಲೇ ಅವರ ಸಂಶೋಧನೆ. ಓಣಿಗೆಲ್ಲ ಅವರು ಕಾರ್ಟೂನ್ ಮೇಡಂ. ಅವರ ಪುಸ್ತಕ ಯಾರು ತೆರೆದರೂ ಕಸಿದು, ತಿರುಗಿಸಿ ಕೊಡುತ್ತಿದ್ದರು: "ಹಿಂದಿಂದ ಓದ್ರಿ! ಜಪಾನದಾಗ ಅಲ್ಲೇ ಸುರು."

ಹೆಂಡತಿ ತೀರಿಕೊಂಡ ಮೇಲೆ ಮಂಕಾಗಿದ್ದ ಬಾಜು ಮನೆಯ ಕಾಕಾ ಒಮ್ಮೆ ತಾವೇ ಒಂದು ಪುಸ್ತಕ ಎತ್ತಿಕೊಂಡು ಹೋದರು. ನಮ್ಮ ರೂಢಿಯಂತೆ ಎಡದಿಂದ ಚಿತ್ರ ನೋಡಿ ಮುಗಿಸಿ, ಸಂಜೆ ನಾನೂ ಮೇಡಂ ಕೂತಿದ್ದ ಕಟ್ಟೆಗೆ ಬಂದರು.

"ಅಗದಿ ಚಲೋ ಕಥಿ ಐತ್ರಿ ಮೇಡಂ. ಮೊದಲಿಗೆ ಹೆಂಡ್ತಿ ಸತ್ತಿರ್ತಾಳ. ಆಮ್ಯಾಲೆ ಹಾಸಿಗಿಂದ ಎದ್ದು ಅಡಗಿ ಮಾಡ್ತಾಳ. ಕಡೀಕ ಇಬ್ಬರದೂ ಲಗ್ನ!"

ನನಗೆ ನಗು ತಡೆಯಲಾಗಲಿಲ್ಲ. ಮೇಡಂ ಪುಸ್ತಕದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಹೌದ್ರಿ ಕಾಕಾ," ಎಂದರು, "ಆ ಪುಸ್ತಕ ಹಂಗ ಓದಬೇಕ್ರಿ."